ಊರ್ಮಿಳೆಗೆ ದನಿ ಕೊಟ್ಟೆವೋ, ಬರೀ ತಪಸ್ಸು ಕೊಟ್ಟೆವೋ?

ಸರಯೂ ದಡ:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಮನಸ್ಸು ಕೊರೀತಿರೋ ವಿಷಯ ಇದು. ಇಲ್ಲಿ ಹೇಳಿಕೊಳ್ಳದಿದ್ದರೆ ಸಮಾಧಾನ ಇಲ್ಲ.

ಹೋದ ಭಾನುವಾರ ನಮ್ಮ ಕಡೆ ಒಂದು ಕವಿಗೋಷ್ಠಿ ಇತ್ತು. ಊರ್ಮಿಳೆಯ ಬಾಯಲ್ಲಿ ಬರೆದ ಒಂದು ಪದ್ಯ ಓದಿದೆ. ಲಕ್ಷ್ಮಣ ಕಾಡಿಗೆ ಹೋದಮೇಲೆ ಅರಮನೆಯಲ್ಲಿ ಉಳಿದವಳು ತನ್ನಷ್ಟಕ್ಕೆ ಹೇಳಿಕೊಳ್ಳುವ ಹಾಗೆ. ನಾಲ್ಕು ಸಾಲು ಇಲ್ಲಿ ಹಾಕ್ತೀನಿ:

ಅಣ್ಣನ ಪಾದುಕೆ ಸಿಂಹಾಸನ ಏರಿತು.
ಇವರ ಹಳೇ ಜೋಡು ಬಾಗಿಲ ಮೂಲೆಯಲ್ಲೇ ಉಳಿಯಿತು.
ದಿನಾ ಧೂಳು ಒರೆಸಿ ಇಡುತ್ತೇನೆ.
ಅದರ ಹೆಸರಲ್ಲಿ ಯಾರೂ ರಾಜ್ಯ ಆಳುವುದಿಲ್ಲ.

ಓದಿ ಮುಗಿಸಿ ಕೂತೆ. ಅಧ್ಯಕ್ಷತೆ ವಹಿಸಿದ್ದ ಹಿರಿಯರು ಎದ್ದು, "ಪುರಾಣದ ಹೆಂಡತಿಯರ ಗೋಳು ಬರೆಯೋದು ಇಂಗ್ಲಿಷಿನಿಂದ ಬಂದ ಹೊಸ ಚಾಳಿ. ಊರ್ಮಿಳೆಗೆ ಏನು ಕೊಡಬೇಕೋ ಕುವೆಂಪು ಕೊಟ್ಟಾಗಿದೆ, ಇನ್ನು ನೀವು ಕೊಡೋದೇನಿದೆ?" ಅಂದರು. ಅವರ ಮೇಲೆ ನನಗೆ ಗೌರವ ಇದೆ, ಅದಕ್ಕೇ ಇನ್ನೂ ನೋವಾಯಿತು. ಬಲ್ಲವರು ಹೇಳಿ. ಇದು ನಿಜವಾಗಿ ಹೊರಗಿನಿಂದ ತಂದದ್ದಾ? ಕುವೆಂಪು ಬರೆದಮೇಲೆ ಊರ್ಮಿಳೆ ಬಗ್ಗೆ ಬರೆಯಲು ಏನೂ ಉಳಿದಿಲ್ಲವಾ?

ನೀಲಿ ಶಾಯಿ:
ಪಾದುಕೆ ಪಕ್ಕದಲ್ಲಿ ಜೋಡು ಇಟ್ಟಿದ್ದೀರಲ್ಲ, ಅಷ್ಟೇ ಸಾಕು ಅಕ್ಕ. ಬರೆಯೋದು ನಿಲ್ಲಿಸಬೇಡಿ.

ಹಳೇ ಮೈಸೂರು ಮೇಷ್ಟ್ರು:
ಅಧ್ಯಕ್ಷರ ಮಾತಿನ ಮೊದಲ ಅರ್ಧ ತಪ್ಪು. 34 ವರ್ಷ ಕನ್ನಡ ಪಾಠ ಮಾಡಿದವನು, ಇಷ್ಟು ಧೈರ್ಯವಾಗಿ ಹೇಳಬಲ್ಲೆ.

1900ರಲ್ಲಿ ರವೀಂದ್ರನಾಥ ಟಾಗೋರರು ಬಂಗಾಳಿಯಲ್ಲಿ ಒಂದು ಪ್ರಬಂಧ ಬರೆದರು. ಕಾವ್ಯಗಳು ಅಲಕ್ಷ್ಯ ಮಾಡಿದ ಹೆಣ್ಣುಗಳ ಬಗ್ಗೆ. ಅದರಲ್ಲಿ ಊರ್ಮಿಳೆ ಇದ್ದಾಳೆ, ಶಾಕುಂತಲದ ಅನಸೂಯೆ, ಪ್ರಿಯಂವದೆ ಇದ್ದಾರೆ, ಬಾಣನ ಕಾದಂಬರಿಯ ಪತ್ರಲೇಖೆ ಇದ್ದಾಳೆ. ವಾಲ್ಮೀಕಿ ಮದುವೆ ಮಂಟಪದಲ್ಲಿ ಊರ್ಮಿಳೆಯನ್ನು ಒಮ್ಮೆ ತೋರಿಸಿ ಆಮೇಲೆ ಮರೆತೇಬಿಟ್ಟ ಅನ್ನೋದೇ ಅವರ ಸಂಕಟ. 1908ರಲ್ಲಿ ಮಹಾವೀರ ಪ್ರಸಾದ ದ್ವಿವೇದಿಯವರು ಹಿಂದಿಯಲ್ಲಿ ಇದೇ ಪ್ರಶ್ನೆ ಎತ್ತಿದರು: ಕವಿಗಳಿಗೆ ಊರ್ಮಿಳೆ ವಿಷಯದಲ್ಲಿ ಇಷ್ಟು ಉದಾಸೀನ ಯಾಕೆ? ಅವರ ಶಿಷ್ಯರಂತಿದ್ದ ಮೈಥಿಲೀಶರಣ ಗುಪ್ತರು 1931ರಲ್ಲಿ 'ಸಾಕೇತ' ಹೊರತಂದರು. ಹನ್ನೆರಡು ಸರ್ಗದ ಕಾವ್ಯ, ಒಂಬತ್ತನೆಯ ಸರ್ಗ ಪೂರ್ತಿ ಊರ್ಮಿಳೆಯ ವಿರಹ. ನಮ್ಮಲ್ಲಿ 1949ರಲ್ಲಿ 'ಶ್ರೀ ರಾಮಾಯಣ ದರ್ಶನಂ' ಬಂತು. ಅಲ್ಲಿ ಊರ್ಮಿಳೆ ಸರಯೂ ದಡದಲ್ಲಿ ಪರ್ಣಕುಟಿ ಕಟ್ಟಿಕೊಂಡು ಹದಿನಾಲ್ಕು ವರ್ಷ ತಪಸ್ಸು ಮಾಡುತ್ತಾಳೆ. ನೀವು ಇಲ್ಲಿ ಇಟ್ಟುಕೊಂಡ ಹೆಸರೇ ಅದನ್ನು ಹೇಳುತ್ತಿದೆ.

ಅಂದರೆ ಇದು ನೂರು ವರ್ಷಕ್ಕೂ ಹಳೆಯ ನಮ್ಮದೇ ಜಗಳ. ಎರಡನೇ ಅರ್ಧಕ್ಕೆ ಮಾತ್ರ ನಾನು ಅಧ್ಯಕ್ಷರ ಪರ. ಕುವೆಂಪು ಊರ್ಮಿಳೆಗೆ ಕೊಟ್ಟ ಎತ್ತರ ಸಣ್ಣದಲ್ಲ.

ನೀಲಿ ಶಾಯಿ:
ಮೇಷ್ಟ್ರೇ, ಎತ್ತರ ಸಣ್ಣದಲ್ಲ, ಒಪ್ಪಿದೆ. ಆದರೆ ಆ ಎತ್ತರವೇ ನನಗೆ ತೊಂದರೆ.

ಇಂಗ್ಲಿಷಿನ ಮಾತು ಬಂತಲ್ಲ, ಅದನ್ನೂ ನೋಡೋಣ. ಕರೋಲ್ ಆನ್ ಡಫಿ ಅಂತ ಬ್ರಿಟನ್ನಿನ ಕವಿ, 2009ರಿಂದ 2019ರವರೆಗೆ ಅಲ್ಲಿಯ ಆಸ್ಥಾನಕವಿ, ಆ ಪಟ್ಟಕ್ಕೆ ಬಂದ ಮೊದಲ ಹೆಣ್ಣು. 1999ರಲ್ಲಿ ಅವರು ಗ್ರೀಕ್ ಪುರಾಣ, ಬೈಬಲ್, ಚರಿತ್ರೆಯ ದೊಡ್ಡ ಗಂಡಸರ ಹೆಂಡತಿಯರು ಮಾತಾಡುವ ಒಂದು ಇಡೀ ಸಂಕಲನ ತಂದರು. ಮುಟ್ಟಿದ್ದೆಲ್ಲ ಚಿನ್ನವಾಗುವ ಮಿಡಾಸ್ ರಾಜನ ಕತೆ ಎಲ್ಲರಿಗೂ ಗೊತ್ತು. ಅವನ ಹೆಂಡತಿಗೆ ಏನಾಯ್ತು? ಡಫಿಯ ಪದ್ಯದಲ್ಲಿ ಅವಳು ತರಕಾರಿ ಬೇಯೋಕಿಟ್ಟು ಕೂತಿರ್ತಾಳೆ. ಗಂಡ ತೋಟದಲ್ಲಿ ಕಾಯಿ ಕೀಳ್ತಾನೆ, ಅದು ದೀಪದ ಬುರುಡೆ ಥರ ಹೊಳೆಯುತ್ತೆ. ವಿಷಯ ಗೊತ್ತಾದಮೇಲೆ ಅವಳು ಗಂಡನನ್ನ ದೂರ ಕೂರಿಸಿ, ಬೆಕ್ಕನ್ನ ನೆಲಮಾಳಿಗೆಗೆ ಹಾಕಿ ಬೀಗ ಜಡೀತಾಳೆ. ಆಮೇಲೆ ಬೇರೆ ಬೇರೆ ಹಾಸಿಗೆ. ಕೊನೆಗೆ ಗಂಡನನ್ನ ಊರಾಚೆ ಇಟ್ಟು ಬರ್ತಾಳೆ, ಸಿಟ್ಟೂ ಇದೆ, ಸಂಕಟವೂ ಇದೆ. ಆದರೆ ಕಡೇ ಸಾಲಲ್ಲಿ ಅವಳಿಗೆ ನೆನಪಾಗೋದು ಅವನ ಕೈಯ ಬಿಸುಪು.

ನಾನು ಕೇಳೋದು ಇದು: ನಮ್ಮ ಊರ್ಮಿಳೆಗೆ ಬೆಕ್ಕಿನ ಚಿಂತೆ ಯಾವಾಗ ಬರುತ್ತೆ? ನಾವು ಅವಳನ್ನ ಮರೆತೆವು, ಆಮೇಲೆ ಪಶ್ಚಾತ್ತಾಪಕ್ಕೆ ತಪಸ್ವಿನಿ ಮಾಡಿದೆವು. ನಡುವೆ ಬೇಜಾರಾಗೋ, ಮುನಿಸಿಕೊಳ್ಳೋ, ಹಸಿವಾಗೋ ಒಬ್ಬ ಹೆಂಗಸು ಇರಲೇ ಇಲ್ಲ.

ಪದಾರ್ಥ:
ಸ್ವಲ್ಪ ತಿದ್ದಬೇಕು. ಯುರೋಪಿನಲ್ಲೂ ಇದು 1999ರದ್ದಲ್ಲ. ರೋಮಿನ ಓವಿಡ್ ಎರಡು ಸಾವಿರ ವರ್ಷದ ಹಿಂದೆಯೇ ಪುರಾಣದ ಹೆಂಗಸರು ಗಂಡಂದಿರಿಗೆ, ಪ್ರಿಯರಿಗೆ ಬರೆದ ಕಾಗದಗಳ ರೂಪದಲ್ಲಿ ಪದ್ಯ ಬರೆದಿದ್ದಾನೆ. ಮೊದಲ ಕಾಗದ ಪೆನೆಲೊಪೆ ಯುಲಿಸೀಸನಿಗೆ ಬರೆದದ್ದು.

ಇನ್ನು "ಹಳೆಯ ಕಾವ್ಯದಲ್ಲಿ ಹೆಂಡತಿಗೆ ಬಾಯಿಲ್ಲ" ಅನ್ನೋದನ್ನೂ ಒಪ್ಪಲಾರೆ. ವಾಲ್ಮೀಕಿಯ ಅಯೋಧ್ಯಾಕಾಂಡ ತೆಗೆಯಿರಿ. ಕಾಡಿಗೆ ಬರಬೇಡ ಎಂದ ರಾಮನಿಗೆ ಸೀತೆ ಏನೆನ್ನುತ್ತಾಳೆ? "ಸ್ತ್ರಿಯಂ ಪುರುಷವಿಗ್ರಹಮ್". ಗಂಡಸಿನ ಮೈಯ ಹೆಂಗಸನ್ನು ಅಳಿಯನನ್ನಾಗಿ ಮಾಡಿಕೊಂಡೆ ಅಂತ ನಮ್ಮಪ್ಪನಿಗೆ ಗೊತ್ತಿತ್ತೋ ಇಲ್ಲವೋ ಅಂತಾಳೆ. ಇವತ್ತಿನ ಯಾವ ಕವಿಗೂ ಅಷ್ಟು ಚೂಪಾದ ಸಾಲು ಸಿಗಲಿಕ್ಕಿಲ್ಲ.

ಅಶ್ವಘೋಷನ ಬುದ್ಧಚರಿತದ ಎಂಟನೇ ಸರ್ಗವನ್ನೂ ಓದಿ. ಸಿದ್ಧಾರ್ಥನನ್ನು ಬಿಟ್ಟು ಅವನ ಸೇವಕ ಛಂದಕ, ಕಂಥಕ ಕುದುರೆ ಬರಿದೇ ಮರಳಿದ್ದಾರೆ. ಯಶೋಧರೆ ಆ ಕುದುರೆಯನ್ನು ಬೈಯುತ್ತಾಳೆ. ಈಗ ಅರಮನೆ ತುಂಬುವ ಹಾಗೆ ಕೆನೆಯುತ್ತಿದೆಯಲ್ಲ, ನನ್ನವನನ್ನು ಹೊತ್ತೊಯ್ದ ರಾತ್ರಿ ಮೂಗನಾಗಿತ್ತಲ್ಲ, ಅನಾರ್ಯ ಕುದುರೆ! ಅಂತ. ಗಂಡನನ್ನು ಬೈಯಲಾರದೆ ಕುದುರೆಯನ್ನು ಬೈಯುವ ಹೆಂಡತಿ. ನಿಮ್ಮ ಬೆಕ್ಕಿಗಿಂತ ಇದೇನು ಕಡಿಮೆ?

ನೀಲಿ ಶಾಯಿ:
ಕುದುರೆ ವಿಷಯ ಗೊತ್ತಿರಲಿಲ್ಲ, ಕೈ ಮುಗಿದೆ. ಆದರೂ ಒಂದು ಮಾತು. ಯಶೋಧರೆ ಅತ್ತು ಮುಗಿಸಿದಮೇಲೆ ಕಾವ್ಯ ಯಾರ ಹಿಂದೆ ಹೋಗುತ್ತೆ? ಸಿದ್ಧಾರ್ಥನ ಹಿಂದೆ. ಅವಳಿಗೆ ಒಂದು ಸರ್ಗ, ಅವನಿಗೆ ಕಾಡು, ಬೋಧಿವೃಕ್ಷ, ಮಾರ, ಎಲ್ಲ. ಅಡುಗೆಮನೆಯಲ್ಲೇ ಉಳಿಯೋ ಪದ್ಯ ಬೇಕು ಅಂತ ನಾನು ಹೇಳ್ತಿರೋದು.

ಮಾಳಮಡ್ಡಿ:
ಅಡಗಿಮನ್ಯಾಗ ಉಳಿಯೂ ಪದ್ಯ ಬೇಕಂದ್ರ ಅಡಗಿಮನ್ಯಾಗ ಹಾಡಿದವರನ್ನ ಕೇಳಬೇಕ್ರಿ. ಇಷ್ಟೊತ್ತನಕಾ ಎಲ್ಲಾರೂ ಪುಸ್ತಕದ ಮಾತೇ ಆಡಾಕತ್ತೀರಿ.

'ಕೆರೆಗೆ ಹಾರ' ನಮ್ಮ ಕಡೆ ಬೀಸೂಕಲ್ಲಿನ ಮುಂದ ಹಾಡಿಕೋತ ಬಂದದ್ದು. ಕಲ್ಲನಕೇರಿ ಮಲ್ಲನಗೌಡ ಕೆರಿ ಕಟ್ಟಿಸ್ತಾನ, ನೀರು ಬೀಳೂದಿಲ್ಲ. ಸೊಸಿನ್ನ ಹಾರ ಕೊಡಬೇಕಂತಾರ. ಹಿರೇಸೊಸಿನ್ನ ಕೊಟ್ರ ಮನಿ ಹಿರೇತನ ಯಾರು ನಡಸಬೇಕು ಅಂತ ಕಿರೇಸೊಸಿ ಭಾಗೀರತಿ ಮ್ಯಾಲೆ ಬರತದ. ಆಕೀ ಗಂಡ ಮಾದೇವರಾಯ ದಂಡಿನಾಗ ಇರತಾನ. ಆಕಿ ತವರಿಗೆ ಹೋಗತಾಳ. ಅಪ್ಪ ಕೇಳತಾನ, ಅವ್ವ ಕೇಳತಾಳ, ಮಾರಿ ಯಾಕ ಬಾಡೇದ ಅಂತ. "ಅತ್ತಿ ಮಾವ ನನ್ನ ಬ್ಯಾರೆ ಇಡತಾರಂತ" ಅಂತ ಅಷ್ಟ ಹೇಳತಾಳ. ಖರೇ ಮಾತು ಹೇಳೂದು ಗೆಳತಿ ಮುಂದ ಒಬ್ಬಾಕಿ ಮುಂದ.

ಮುಂದ ಕೆರಿ ಪೂಜಿ ಮುಗಿಸಿ ಎಲ್ಲಾರೂ ಹೊಳ್ಳತಾರ. ಬಂಗಾರದ ಪಾತ್ರಿ ಒಂದು ಅಲ್ಲೇ ಮರತದ ಅಂತ ಆಕೀನ್ನೇ ತರಾಕ ಕಳಸ್ತಾರ. ಒಂದೊಂದು ಮೆಟ್ಟಲಿಗೆ ನೀರು ಏರತದ, ಪಾದಕ್ಕ, ನಡಕ್ಕ, ಎದಿಗೆ. ನಮ್ಮ ಆಯಿ ಇದನ್ನ ಹಾಡೂ ಮುಂದ ಪ್ರತಿ ಮೆಟ್ಟಲಿಗೂ ಬೀಸೂದು ನಿಲ್ಲಸ್ತಿದ್ಲು. ಕಲ್ಲಿನ ಸಪ್ಪಳ ನಿಂತ ಕೂಡ್ಲೆ ನಮ್ಮ ಉಸಿರೂ ನಿಲ್ತಿತ್ತು. ಯಾರ ಪುಸ್ತಕದಾಗೂ ಆ ನಿಲುಗಡಿ ಅಚ್ಚಾಗಿಲ್ಲ ನೋಡ್ರಿ.

ಹಳೇ ಮೈಸೂರು ಮೇಷ್ಟ್ರು:
ಮಾಳಮಡ್ಡಿ ಅವರೇ, ಆ ಕೊನೆಯ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಈ ಪದ ಪಾಠ ಮಾಡುವಾಗ ನಾನು ಯಾವತ್ತೂ ನಿಲ್ಲಿಸಿ ಓದಿರಲಿಲ್ಲ.

ಪದಾರ್ಥ:
ಪದ ದೊಡ್ಡದು, ಅನುಮಾನವಿಲ್ಲ. ಆದರೆ ಅದು ಭಾಗೀರತಿಯ ತ್ಯಾಗವನ್ನು ಕೊಂಡಾಡುವ ಪದವಲ್ಲವೇ? ಹೆಂಡತಿಯ ದೃಷ್ಟಿ ಅಂತ ಹೇಗೆ ಹೇಳುತ್ತೀರಿ?

ಮಾಳಮಡ್ಡಿ:
ಕೊಂಡಾಡಿದ್ರ ಕಡೀಗೆ ಗಂಡ ಬಂದು ಅದೇ ಕೆರಿಗೆ ಯಾಕ ಹಾರತಿದ್ದ? ಕೆರಿ ತುಂಬಿದ್ದು ಊರಿಗೆ ಛಲೋ ಆತು. ಮನಿ ಏನಾತು ಅಂತ ಹಾಡಿದವರು ತೋರ್ಸ್ಯಾರ. ಹೆಂಗಸೂರು ಎಲ್ಲಾನೂ ಬಾಯಿಬಿಟ್ಟು ಹೇಳಬೇಕಂತಿಲ್ರಿ. ಗೆಳತಿ ಒಬ್ಬಾಕಿಗೆ ಖರೇ ಹೇಳ್ಯಾಳಲ್ಲ, ಅದನ್ನ ಕೇಳ್ರಿ.

ಅರ್ಥಧಾರಿ ಅಭಿಮಾನಿ:
ನಮ್ಮ ಕರಾವಳಿಯ ತಾಳಮದ್ದಳೆಯನ್ನು, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನವನ್ನು, ಬಿಟ್ಟು ಈ ಚರ್ಚೆ ಆಗ್ಲಿಕ್ಕಿಲ್ಲ ಮಾರಾಯ್ರೆ. ವಾಲಿವಧೆಯ ತಾರೆ ಗಂಡನನ್ನು ತಡೆಯುವ ಭಾಗಕ್ಕೆ ಒಳ್ಳೆಯ ಅರ್ಥಧಾರಿ (ಪಾತ್ರದ ಮಾತು ಕಟ್ಟಿ ಆಡುವವರು) ಸಿಕ್ಕಿದರೆ ಅರ್ಧ ಗಂಟೆ ಸಭೆ ಅಲ್ಲಾಡುವುದಿಲ್ಲ. "ಒಮ್ಮೆ ಸೋತು ಓಡಿದವ ಮತ್ತೆ ಬಂದು ಕರೆಯುತ್ತಾನೆ ಅಂದರೆ ಬೆನ್ನಿಗೆ ಯಾರೋ ಇದ್ದಾರೆ" ಅಂತ ಅವಳು ಲೆಕ್ಕ ಹಾಕುವುದು ವಾಲ್ಮೀಕಿಯಲ್ಲೇ ಉಂಟು. ಆದರೆ ಆ ಎಳೆ ಹಿಡಿದು ಪ್ರತಿ ರಾತ್ರಿ ಹೊಸ ಮಾತು ಹುಟ್ಟುವುದು ತಾಳಮದ್ದಳೆಯಲ್ಲಿ. ಭೀಷ್ಮವಿಜಯದ ಅಂಬೆ ಭೀಷ್ಮನನ್ನು ಮಾತಿನಲ್ಲಿ ಕಟ್ಟಿಹಾಕುವುದನ್ನು ಕೇಳಿದವರಿಗೆ "ಪುರಾಣದ ಹೆಣ್ಣಿಗೆ ಬಾಯಿಲ್ಲ" ಅಂತ ಹೇಳಲು ಮನಸ್ಸೇ ಬರುವುದಿಲ್ಲ.

ಗಡಿನಾಡು:
ಅಂಬೆ ಯಾರ ಹೆಂಡತಿಯೂ ಅಲ್ಲವಲ್ಲ ಸಾರ್.

ಅರ್ಥಧಾರಿ ಅಭಿಮಾನಿ:
ಅದೇ ಅಲ್ಲವಾ ಅವಳ ಕತೆ! ಸಾಲ್ವ ಬೇಡ ಅಂದ, ವಿಚಿತ್ರವೀರ್ಯನಿಗೆ ಆಗಲಿಲ್ಲ, ಭೀಷ್ಮ ವ್ರತ ಹಿಡಿದು ಕೂತ. ಹೆಂಡತಿ ಆಗಲು ಬಿಡದೇ ಇದ್ದದ್ದಕ್ಕೆ ಅವಳು ಇನ್ನೊಂದು ಜನ್ಮ ಎತ್ತಿದ್ದು.

ನೀಲಿ ಶಾಯಿ:
ಆದರೆ ಆ ಅಂಬೆಯ ಮಾತು ಕಟ್ಟೋರೂ ಹೆಚ್ಚಾಗಿ ಗಂಡಸರೇ ಅಲ್ಲವಾ?

ಅರ್ಥಧಾರಿ ಅಭಿಮಾನಿ:
ಹೌದು. ಈಗ ಮಹಿಳಾ ತಂಡಗಳೂ ಅರ್ಥ ಹೇಳುತ್ತವೆ. ಹೆಂಗಸರೇ ಹೇಳಿದ ಅಂಬೆಯನ್ನು ಒಮ್ಮೆ ಕೇಳಿದ್ದೇನೆ. ಬೇರೆ ಕಡೆ ಸಿಟ್ಟು ಬರುವ ಜಾಗದಲ್ಲಿ ಅಲ್ಲಿ ದಣಿವು ಬಂತು. ಆ ದಣಿವು ನನಗೆ ಹೊಸದು.

ಶ್ರದ್ಧಾವಂತ:
ಎಲ್ಲರೂ ಓದಿದವರು, ತಪ್ಪು ತಿಳಿಯಬೇಡಿ. ನಮ್ಮ ಮನೆಯಲ್ಲಿ ದಿನಾ ಸಂಜೆ ರಾಮಾಯಣ ಪಾರಾಯಣ ಇದೆ. ಊರ್ಮಿಳೆಯ ಬಾಯಲ್ಲಿ ಲಕ್ಷ್ಮಣನನ್ನು, ಸೀತೆಯ ಬಾಯಲ್ಲಿ ರಾಮನನ್ನು ಬೈಸಿದರೆ ನಮ್ಮಂಥವರ ಮನಸ್ಸಿಗೆ ಏನಾಗುತ್ತೆ ಅಂತ ಕವಿಗಳು ಯೋಚಿಸಬೇಕಲ್ಲವೇ? ಇವರು ಬರೀ ಪಾತ್ರಗಳಲ್ಲ, ನಮಗೆ ದೇವರು.

ಹಳೇ ಮೈಸೂರು ಮೇಷ್ಟ್ರು:
ನಿಮ್ಮ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ. ಕುವೆಂಪು ರಾಮನನ್ನು ಇಳಿಸಲಿಲ್ಲ. ಆದರೆ ಅಗ್ನಿಪರೀಕ್ಷೆಯಲ್ಲಿ ಸೀತೆಯೊಬ್ಬಳನ್ನೇ ಬೆಂಕಿಗೆ ಕಳಿಸಲು ಅವರಿಗೆ ಮನಸ್ಸು ಬರಲಿಲ್ಲ, ರಾಮನೂ ಬೆಂಕಿಗೆ ಹೊಗುತ್ತಾನೆ. ಇದು ಭಕ್ತಿಯಲ್ಲದೆ ಮತ್ತೇನು? ಹೆಂಡತಿಯ ಕಡೆಯಿಂದ ನೋಡಿದ್ದಕ್ಕೇ ರಾಮ ಅಲ್ಲಿ ಇನ್ನೂ ದೊಡ್ಡವನಾದ.

ಶ್ರದ್ಧಾವಂತ:
ಅದನ್ನು ಓದಿಲ್ಲ, ಓದುತ್ತೇನೆ. ನೋವು ಹೇಳೋದಕ್ಕೆ ನನ್ನ ಅಡ್ಡಿ ಇಲ್ಲ ಮೇಷ್ಟ್ರೇ, ಹೀಗಳೆಯೋದಕ್ಕೆ ಅಡ್ಡಿ. ಆ ಜೋಡಿನ ನಾಲ್ಕು ಸಾಲಲ್ಲಿ ಹೀಗಳಿಕೆ ಇಲ್ಲ, ಅದನ್ನೂ ಹೇಳಬೇಕು.

ಪದಾರ್ಥ:
ಕಾವ್ಯ ಯಾರಿಗಾಗಿ ಬದಲಾಗುತ್ತೆ ಅನ್ನೋದಕ್ಕೆ ನಮ್ಮ ಆದಿಕವಿಯೇ ಸಾಕ್ಷಿ. ಪಂಪಭಾರತದಲ್ಲಿ ದ್ರೌಪದಿಗೆ ಐದು ಗಂಡಂದಿರಿಲ್ಲ, ಅರ್ಜುನನೊಬ್ಬನೇ. ಯಾಕೆ? ಪಂಪ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಿಗೆ ಸಮೀಕರಿಸಿ ಕಾವ್ಯ ಕಟ್ಟಿದ್ದಾನೆ. ರಾಜನ ಹೆಂಡತಿಯನ್ನು ಹಂಚುವ ಹಾಗಿಲ್ಲ. ಒಬ್ಬ ದೊರೆಯ ಮಾನಕ್ಕಾಗಿ ಒಬ್ಬ ಹೆಣ್ಣಿನ ಇಡೀ ಬದುಕನ್ನೇ ಬೇರೆ ಮಾಡಿ ಬರೆಯಬಹುದಾದರೆ, ಆ ಹೆಣ್ಣಿಗಾಗಿ ಒಂದು ಪದ್ಯ ಬೇರೆ ಥರ ಬರೆಯಬಾರದೇ? ಈ ಒಂದು ವಿಷಯದಲ್ಲಿ ನಾನು ಸರಯೂ ದಡ ಅವರ ಪರ.

ಅದೇ ದ್ರೌಪದಿ ಕುಮಾರವ್ಯಾಸನ ಕೈಗೆ ಬಂದಾಗ ನೋಡಿ. ಕೀಚಕನ ಪ್ರಸಂಗ, ವಿರಾಟಪರ್ವ. "ಗಂಡರೈವರು ಮೂರು ಲೋಕದ ಗಂಡರೊಬ್ಬಳನಾಳಲಾರಿರಿ" ಅಂತಾಳೆ. ಐದು ಗಂಡಂದಿರು ಇದ್ದೂ ಒಬ್ಬಳನ್ನು ಕಾಯಲಾರಿರಿ. ಪಂಪನ ದ್ರೌಪದಿ ಈ ಮಾತು ಆಡಲು ಸಾಧ್ಯವೇ ಇಲ್ಲ.

ಗಡಿನಾಡು:
ನಾನು ಮುಳಬಾಗಿಲು ಕಡೆಯವನು. ಮನೇಲಿ ತೆಲುಗು, ಬೀದೀಲಿ ಕನ್ನಡ. ತೆಲುಗಿನಲ್ಲಿ ಊರ್ಮಿಳೆ ಬಗ್ಗೆ ಹೆಂಗಸರು ಹಾಡೋ ಒಂದು ದೊಡ್ಡ ಹಾಡಿದೆ, ಊರ್ಮಿಳಾದೇವಿಯ ನಿದ್ದೆ ಅಂತ. ಅದರಲ್ಲಿ ಅವಳು ತಪಸ್ಸು ಮಾಡಲ್ಲ, ಮಲಗಿಬಿಡ್ತಾಳೆ. ಹದಿನಾಲ್ಕು ವರ್ಷ ಪೂರ್ತಿ. ಲಕ್ಷ್ಮಣ ಕಾಡಲ್ಲಿ ಎಚ್ಚರ, ಇವಳು ಅರಮನೇಲಿ ನಿದ್ದೆ.

ಲಕ್ಷ್ಮಣ ವಾಪಸ್ ಬಂದು ಅವಳ ಮಂಚದ ಹತ್ತಿರ ಕೂತು ಎಬ್ಬಿಸ್ತಾನೆ. ಅವಳಿಗೆ ಗುರುತೇ ಸಿಗಲ್ಲ! ಯಾರೋ ಪರಪುರುಷ ಅಂತ ನಡುಗಿ, "ನಮ್ಮಪ್ಪ ಜನಕನಿಗೆ ಗೊತ್ತಾದರೆ ಸುಮ್ಮನೆ ಬಿಡ್ತಾರಾ? ಪರರ ಹೆಂಡತಿಗೆ ಆಸೆಪಟ್ಟ ಇಂದ್ರನಿಗೆ ಏನಾಯ್ತು ಗೊತ್ತಿಲ್ವಾ?" ಅಂತ ಬುದ್ಧಿ ಹೇಳ್ತಾಳೆ. ವೆಲ್ಚೇರು ನಾರಾಯಣರಾವ್ ಅವರು ಇಂಥ ಹಾಡುಗಳ ಬಗ್ಗೆ ಬರೆದಿದ್ದಾರೆ. ಇವು ಹೆಂಗಸರದೇ ಬೇರೆ ರಾಮಾಯಣ. ಯುದ್ಧ ಕಮ್ಮಿ, ಬಸುರಿ ಬಯಕೆ, ಬಾಣಂತನ, ಅತ್ತಿಗೆ ನಾದಿನಿ ಜಾಸ್ತಿ.

ಅದಕ್ಕೆ ಅಕ್ಕಾವ್ರೆ, ಇದು ಇಂಗ್ಲಿಷಿನಿಂದ ಬಂದಿದ್ದು ಅಂದವರಿಗೆ ನೀವು ಈ ಹಾಡು ತೋರಿಸಬೇಕು.

ನೀಲಿ ಶಾಯಿ:
ಗುರುತೇ ಸಿಗಲ್ಲ ಅನ್ನೋ ಆ ಒಂದು ತಿರುವಿಗೆ ನೂರು ಪುಟ ವಿರಹ ಸಮ ಆಗಲ್ಲ.

ಬಂಗಾಳದ ಚಂದ್ರಾವತಿಯನ್ನೂ ನೆನೆಸಿಕೊಳ್ಳೋಣ. 16ನೇ ಶತಮಾನದ ಮೈಮೆನ್‌ಸಿಂಗ್ ಕಡೆಯ ಕವಿ. ಅವಳ ರಾಮಾಯಣ ರಾಮನ ಹುಟ್ಟಿನಿಂದ ಶುರುವಾಗಲ್ಲ, ಸೀತೆಯ ಹುಟ್ಟಿನಿಂದ ಶುರುವಾಗುತ್ತೆ. ಪಂಡಿತರು ಅದನ್ನ ಬಹಳ ಕಾಲ ಅರೆಬರೆ ಕೃತಿ ಅಂತ ಬದಿಗಿಟ್ಟಿದ್ದರು, ಬಂಗಾಳಿ ಲೇಖಕಿ ನವನೀತಾ ದೇವ್ ಸೇನ್ ಬಂದು ಅದಕ್ಕಾಗಿ ವಾದ ಮಾಡಬೇಕಾಯ್ತು.

ಬರಹದ ಬೀಜ:
ನಾನು ಗಂಡಸು, ಪದ್ಯ ಬರೆಯುತ್ತೇನೆ. ಹೆಣ್ಣಿನ ದನಿಯಲ್ಲಿ ಗಂಡಸು ಬರೆಯಬಾರದು ಅನ್ನೋ ಹಾಗೆ ಮಾತು ಹೊರಳುತ್ತಿದೆ, ಅದಕ್ಕೆ ನನ್ನ ವಿರೋಧವಿದೆ. ಕಾರ್ನಾಡರ 'ಯಯಾತಿ'ಯಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಇದ್ದಾಳಲ್ಲ. ಗಂಡ ತನ್ನ ಯೌವನವನ್ನು ಅಪ್ಪನಿಗೆ ಕೊಟ್ಟು ಮುದುಕನಾಗಿ ಬಂದಾಗ ಹೊಸ ಮದುವಣಗಿತ್ತಿಗೆ ಏನಾಗುತ್ತೆ ಅಂತ ಮಹಾಭಾರತ ಕೇಳಲಿಲ್ಲ. 1961ರಲ್ಲಿ 23 ವರ್ಷದ ಒಬ್ಬ ಹುಡುಗ ಕೇಳಿದ. ಪು.ತಿ.ನ. ಅವರ 'ಅಹಲ್ಯೆ' ಗೀತನಾಟಕ ಓದಿ, ಎಷ್ಟು ಮೆತ್ತಗೆ ಆ ಹೆಣ್ಣಿನ ಮನಸ್ಸನ್ನು ಮುಟ್ಟುತ್ತಾರೆ. ಇವರೆಲ್ಲ ಗಂಡಸರೇ.

ಮಾಳಮಡ್ಡಿ:
ಬರೀಬ್ಯಾಡ ಅಂದವರು ಯಾರು ತಮ್ಮಾ? ಬರೀರಿ. ಹೆಂಗಸೂರು ಬರದಾಗೂ ಹಂಗ ಓದ್ರಿ ಅಂತ ಅಷ್ಟ. ಮುನ್ನೂರು ವರ್ಷದ ಹಿಂದ ಸಂಚಿ ಹೊನ್ನಮ್ಮ, ಚಿಕದೇವರಾಜ ಒಡೆಯರ ಅರಮನ್ಯಾಗ ಸಂಚಿ ಹಿಡಿಯೂ ಕೆಲಸದಾಕಿ, 'ಹದಿಬದೆಯ ಧರ್ಮ' ಬರದ್ಲು. ಹೆಸರೇ ಪತಿವ್ರತಾ ಧರ್ಮ. ಗಂಡಗ ಹೆಂಗ ನಡಕೋಬೇಕು ಅಂತ ಹೇಳಿಕೋತ ಹೇಳಿಕೋತ ನಡಬರಕ "ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು ಕಣ್ಣು ಕಾಣದ ಗಾವಿಲರು" ಅಂದುಬಿಟ್ಲು. ಹೆಣ್ಣು ಹೆಣ್ಣಂತ ಯಾಕ ಹೀಗಳೀತಾರ ಈ ಕಣ್ಣಿಲ್ಲದ ದಡ್ಡರು ಅಂತ. ಧರ್ಮದ ಪುಸ್ತಕದಾಗ ಆಕಿ ಅದನ್ನ ಹೆಂಗ ಸೇರಿಸಿದ್ಲು ಅಂತ ನಾ ಇವತ್ತಿಗೂ ಬೆರಗಾಗತೀನಿ.

ಕುಂದಾಪುರದಾಕೆ:
ನಾನು ಇಲ್ಲಿ ಓದುವುದು ಮಾತ್ರ, ಬರೆದದ್ದು ಇದೇ ಮೊದಲು. ಸಾಹಿತ್ಯ ಗೊತ್ತಿಲ್ಲ. ಆದರೆ ಆ ಜೋಡಿನ ಸಾಲು ಓದಿ ಸುಮ್ಮನೆ ಇರಲು ಆಗಲಿಲ್ಲ.

ನನ್ನ ಯಜಮಾನರು ಗಲ್ಫಿಗೆ ಹೋಗಿ 11 ವರ್ಷ. ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ದಿನಾ ಫೋನ್ ಉಂಟು, ವಿಡಿಯೋ ಉಂಟು, ಊರ್ಮಿಳೆಯ ಕಷ್ಟ ನನಗಿಲ್ಲ. ಆದರೂ ಒಂದು ವಿಷಯ ಯಾವ ಕವಿಯೂ ಬರೆದದ್ದು ನಾನು ಕಾಣಲಿಲ್ಲ. ಗಂಡ ಇಲ್ಲದ ದಿನ ಅಳು ಬರುವುದು ಮೊದಲ ವರ್ಷ ಮಾತ್ರ. ಆಮೇಲೆ ಕೆಲಸ ಕಲಿಯುತ್ತೇವೆ. ಮಾಡಿನ ಹಂಚು ಬದಲಿಸುವವರನ್ನು ಕರೆಸುವುದು, ಬಾವಿ ಪಂಪು ಕೆಟ್ಟರೆ ಯಾರಿಗೆ ಹೇಳುವುದು, ಮಾವನವರ ಮಾತ್ರೆ ಯಾವ ಬಣ್ಣದ್ದು ರಾತ್ರಿಗೆ, ಎಲ್ಲ ನನ್ನ ತಲೆಯಲ್ಲೇ. ಅವರು ಬಂದ ಮೊದಲ ವಾರ ಟವೆಲ್ ಎಲ್ಲಿದೆ ಅಂತ ಕೇಳುತ್ತಾರೆ. ಅವರದ್ದೇ ಮನೆ. ನಾನು ನೆಂಟರಿಗೆ ಹೇಳುವ ಹಾಗೆ "ಅಲ್ಲಿ ಮೇಲಿನ ಖಾನೆಯಲ್ಲಿ ಉಂಟು" ಅಂತೇನೆ. ಹೇಳಿದ ಮೇಲೆ ಇಬ್ಬರಿಗೂ ಒಂದು ಥರಾ ಆಗುತ್ತದೆ.

ಊರ್ಮಿಳೆ ಕಾದದ್ದನ್ನು ಎಲ್ಲರೂ ಬರೆದಿದ್ದಾರೆ ಅಂತ ನೀವೆಲ್ಲ ಹೇಳುತ್ತೀರಿ. ಲಕ್ಷ್ಮಣ ಬಂದ ದಿನ ಬರೆಯಿರಿ ಅಕ್ಕ. ಅದು ಕಷ್ಟದ ದಿನ.

ಸರಯೂ ದಡ:
ನಿಮ್ಮ ಬರಹ ಮೂರು ಸಲ ಓದಿದೆ. ಈಗಲೇ ಏನೂ ಹೇಳಲಾರೆ. ರಾತ್ರಿ ಬರೆಯುತ್ತೇನೆ.

ಹಳೇ ಮೈಸೂರು ಮೇಷ್ಟ್ರು:
ಕುಂದಾಪುರದ ತಾಯಿ, ನಿಮಗೆ ಸಾಹಿತ್ಯ ಗೊತ್ತಿಲ್ಲ ಅನ್ನೋದನ್ನು ಮಾತ್ರ ಒಪ್ಪಲಾರೆ. ಗುಪ್ತರ ಕಾವ್ಯದ ಕೊನೆಯ ಸರ್ಗದಲ್ಲಿ ಆ ದಿನ ಬರುತ್ತೆ. ಸಖಿ ಸಿಂಗಾರ ಮಾಡಲು ಬರುತ್ತಾಳೆ, ಊರ್ಮಿಳೆ ಬೇಡ ಅನ್ನುತ್ತಾಳೆ. ಬಟ್ಟೆ ಒಡವೆಗೆ ಮರುಳಾಗುವವರೇ ಅವರು, ಇನ್ನು ನನಗೆ ಅದೆಲ್ಲ ಒಪ್ಪುತ್ತದೆಯೇ ಅಂತ. ಚೆಲುವಾದ ಜಾಗ ಅದು. ಆದರೆ ಟವೆಲ್ ಎಲ್ಲಿದೆ ಅಂತ ಕೇಳುವ ಗಂಡ ಅಲ್ಲೂ ಇಲ್ಲ. ಅಧ್ಯಕ್ಷರ ಎರಡನೇ ಅರ್ಧಕ್ಕೆ ನಾನು ಪರ ಅಂದಿದ್ದೆ, ಆ ಮಾತು ಹಿಂದಕ್ಕೆ ತಗೊಂಡೆ. ಬರೆಯುವುದು ಬಹಳ ಉಳಿದಿದೆ.

ಗಡಿನಾಡು:
ಮಾಂಡವಿಯನ್ನು ಎಲ್ಲರೂ ಮರೆತಿದ್ದೀರಿ. ಭರತನ ಹೆಂಡತಿ. ಅವಳ ಗಂಡ ಕಾಡಿಗೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ನಂದಿಗ್ರಾಮದಲ್ಲಿ ಜಟೆ ಬಿಟ್ಟು ಕೂತ. ಅದು ಅಯೋಧ್ಯೆಗೆ ಒಂದು ಕ್ರೋಶ ದೂರ ಅಂತ ವಾಲ್ಮೀಕಿಯೇ ಹೇಳ್ತಾನೆ. ಸಂಜೆ ನಡೆದು ಹೋಗಿ ಬರೋ ದೂರ.

ನೀಲಿ ಶಾಯಿ:
ಒಂದು ಕ್ರೋಶ! ಊರ್ಮಿಳೆಗೆ ಕಾಡು ಅಡ್ಡ ಇತ್ತು, ಮಾಂಡವಿಗೆ ಏನೂ ಅಡ್ಡ ಇರಲಿಲ್ಲ. ಈ ಪದ್ಯ ಯಾರು ಬರೀತೀರಿ?

ಬರಹದ ಬೀಜ:
ನಾನು ಪ್ರಯತ್ನ ಮಾಡ್ತೀನಿ. ಮೊದಲು ಇಲ್ಲೇ ತೋರಿಸ್ತೀನಿ.

ಪದಾರ್ಥ:
ಬರೆಯುವವರಿಗೆ ಒಂದು ಸೂಚನೆ. ಭಾಷೆ ನೋಡಿಕೊಳ್ಳಿ. ಇಂಥ ಪದ್ಯಗಳು ಹೆಚ್ಚಾಗಿ ಹಾಳಾಗೋದು "ಪ್ರಾಣನಾಥ", "ಓ ಸ್ವಾಮಿ" ಬಂದಾಗ. ಸರಯೂ ದಡ ಅವರು "ಇವರ ಹಳೇ ಜೋಡು" ಅಂದಿದ್ದಾರೆ. ಆ "ಇವರ" ಅನ್ನೋದೊಂದರಲ್ಲೇ ಮನೆ ಇದೆ. ಗಂಡನ ಹೆಸರು ಹಿಡಿದು ಕರೆಯದ ಮನೆ.

ಮಾಳಮಡ್ಡಿ:
ಹೆಸರು ಅಂದ್ರಲ್ಲ, ಈಗ ನೆನಪಾತು. ನಮ್ಮ ಕಡೆ ಮದುವ್ಯಾಗ ಗಂಡನ ಹೆಸರು ಹೇಳೂ ಮುಂದ ಸುಮ್ನ ಹೇಳೂದಿಲ್ಲ, ಒಡಪು ಕಟ್ಟಿ ಹೇಳತಾರ. ಎಲ್ಲಾರೂ ಸುತ್ತ ನಿಂತು ಬಾಗಲಾ ಅಡ್ಡಗಟ್ಟಿ ಹೇಳು ಹೇಳು ಅಂತ ಕಾಡತಿರತಾರ. ಊರ್ಮಿಳಾಗ ಆ ಹದಿನಾಲ್ಕು ವರ್ಷ ಯಾರು ಕೇಳಿರಬೇಕು ಹೆಸರು ಹೇಳಂತ? ನಾ ಆಕೀ ಸಲುವಾಗಿ ಒಂದು ಒಡಪು ಕಟ್ಟೀನಿ:

ಹದಿನಾಲ್ಕು ವರ್ಷಕ್ಕ ಹದಿನಾಲ್ಕು ಗಂಟು ಸೆರಗಿಗೆ,
ಲಕ್ಷ್ಮಣರಾಯರ ಹೆಸರು ಹೇಳತೀನಿ ಯಾರೂ ಕೇಳದ ಹೊತ್ತಿಗೆ.

ಕುಂದಾಪುರದಾಕೆ:
ಯಾರೂ ಕೇಳದ ಹೊತ್ತಿಗೆ. ಹೌದು ಅಕ್ಕ.

ಸರಯೂ ದಡ:
ರಾತ್ರಿ ಒಂದೂವರೆ ಆಗಿದೆ. ಅಧ್ಯಕ್ಷರ ಮಾತು ಈಗ ಕಿವಿಯಲ್ಲಿ ಇಲ್ಲ, ಟವೆಲ್ ಮಾತು ಇದೆ. ಪದ್ಯದ ಕೊನೆಗೆ ಇಷ್ಟು ಸೇರಿಸಿದೆ. ಕುಂದಾಪುರದವರೇ, ನಿಮ್ಮ ಮಾತು ಕೇಳದೆ ತೆಗೆದುಕೊಂಡಿದ್ದೇನೆ, ಬೇಡ ಅಂದರೆ ಅಳಿಸುತ್ತೇನೆ.

ಬಂದರು. ಬಾಗಿಲಲ್ಲಿ ನಿಂತರು.
ಹಳೇ ಜೋಡು ತಂದು ಮುಂದಿಟ್ಟೆ.
ಹದಿನಾಲ್ಕು ವರ್ಷ ಬರಿಗಾಲಲ್ಲಿ ನಡೆದ ಪಾದ
ಅದರೊಳಗೆ ಹಿಡಿಸಲಿಲ್ಲ.
ಅವರು ಜೋಡು ನೋಡಿದರು, ನಾನು ಪಾದ ನೋಡಿದೆ.
ಒಳಗೆ ಬನ್ನಿ ಎಂದೆ,
ನೆಂಟರಿಗೆ ಹೇಳುವ ಹಾಗೆ.

ಕುಂದಾಪುರದಾಕೆ:
ಅಳಿಸಬೇಡಿ. ಬೆಳಿಗ್ಗೆ ಹಾಲು ಕಾಯಿಸುತ್ತಾ ಓದಿದೆ, ಹಾಲು ಉಕ್ಕಿಹೋಯಿತು. ಈ ಸಲ ಅವರು ಬಂದಾಗ ಓದಿ ಹೇಳುತ್ತೇನೆ.

ಪದಾರ್ಥ:
ಒಂದೇ ತಿದ್ದುಪಡಿ. "ಹದಿನಾಲ್ಕು ವರ್ಷ" ತೆಗೆಯಿರಿ. "ಬರಿಗಾಲಲ್ಲಿ ನಡೆದ ಪಾದ" ಸಾಕು. ಎಷ್ಟು ವರ್ಷ ಅಂತ ಓದುವವರಿಗೆಲ್ಲ ಗೊತ್ತಿದೆ.

ಸರಯೂ ದಡ:
ತೆಗೆದೆ.